ಉಕ್ಕು ನಮ್ಮದಂತೆ, ಸುತ್ತಿಗೆ ಯಾರದು?

ಮೊನ್ನೆ ನಮ್ಮ ಕಾಲೇಜಿನ ಹಳೇ ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. "ಜಗತ್ತನ್ನೇ ಬೆರಗುಗೊಳಿಸಿದ ಡಮಾಸ್ಕಸ್ ಖಡ್ಗದ ಉಕ್ಕು ನಮ್ಮದು! ಇಂಗ್ಲಿಷಿನ ವೂಟ್ಜ್ ಅನ್ನೋ ಪದ ನಮ್ಮ ಕನ್ನಡದ ಉಕ್ಕು! ಹೆಮ್ಮೆಯಿದ್ದರೆ ಹಂಚಿ!" ಕೆಳಗೆ ಹಳದಿ-ಕೆಂಪು ಬಾವುಟ, ಬಿಗಿದ ಮುಷ್ಟಿ, ಬೆಂಕಿಯ ಚಿತ್ರ. ಐದು ನಿಮಿಷದಲ್ಲಿ ಹದಿನೇಳು ಜನ ಹೆಬ್ಬೆಟ್ಟು ಒತ್ತಿದರು.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತಿದ್ದೆ. ಆದರೆ ಒಬ್ಬ ಗೆಳೆಯ ಅದರ ಕೆಳಗೆ ಬರೆದ: "ಏನ್ ಪ್ರಯೋಜನ ಮಗಾ? ನಮ್ಮ ಕಮ್ಮಾರರು ವಿದ್ಯೆಯನ್ನ ಗುಟ್ಟು ಗುಟ್ಟು ಅಂತ ಮುಚ್ಚಿಟ್ಟುಕೊಂಡೇ ಸತ್ತರು. ಅಮೆರಿಕದಲ್ಲಿ ನೋಡು, ಹಾಬಿಗೆ ಮಾಡೋರೂ ಒಬ್ಬರಿಗೊಬ್ಬರು ಎಲ್ಲಾ ಹೇಳಿಕೊಡ್ತಾರೆ. ಅದು ಕಲ್ಚರ್." ಆಮೇಲೆ ನನ್ನ ಹೆಸರು ಹಾಕಿ, "ಇವನನ್ನೇ ಕೇಳಿ, ಇವನು ಅಲ್ಲಿ ಕಬ್ಬಿಣ ಬಡೀತಾನೆ" ಅಂತ ಸಾಕ್ಷಿಗೂ ಕರೆದ.

ಸಾಕ್ಷಿ ಹೇಳೋಣ ಅಂತ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಫೋನಿನ ಸ್ಕ್ರೀನಿನಲ್ಲಿ ಹಿಡಿಯೋ ವಿಷಯ ಅಲ್ಲ ಅನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಕಾಫಿ ತಂದುಕೊಂಡು ಕೂತ್ಕೊಳ್ಳಿ.

ಮೊದಲು ಗೆಳೆಯ ಹೇಳಿದ್ದರಲ್ಲಿ ನಿಜ ಎಷ್ಟು ಅಂತ ನೋಡೋಣ. ಯಾಕೆಂದರೆ ಅರ್ಧ ನಿಜ ಇದೆ.

ನಾನು ಪ್ರಾಜೆಕ್ಟ್ ಮೇಲೆ ಓಹಾಯೋ ರಾಜ್ಯದ ಕೊಲಂಬಸ್‌ಗೆ ಬಂದಿದ್ದು 2022ರಲ್ಲಿ. ಚಳಿಗಾಲ. ಶನಿವಾರ ಭಾನುವಾರ ಏನು ಮಾಡೋದು ಗೊತ್ತಾಗದೆ ರೂಮಿನಲ್ಲಿ ಕೊಳೆಯುತ್ತಿದ್ದಾಗ ನಮ್ಮ ಟೆಸ್ಟಿಂಗ್ ಟೀಮಿನ ಒಬ್ಬ, "ನಮ್ಮ ಮಾವ ಕಬ್ಬಿಣ ಬಡಿಯುತ್ತಾರೆ, ಬರ್ತೀಯಾ?" ಅಂತ ಕೇಳಿದ. ನಾನು ಅದನ್ನ ತಮಾಷೆ ಅಂದುಕೊಂಡೆ. ಹೋಗಿ ನೋಡಿದರೆ ಹಳೇ ದನದ ಕೊಟ್ಟಿಗೆ, ಅದರೊಳಗೆ ಎರಡು ಕುಲುಮೆ, ನಾಲ್ಕು ಅಡಿಗಲ್ಲು, ಹನ್ನೆರಡು ಜನ. ಮಾವ ಅನ್ನೋರು ನಿವೃತ್ತ ಹಲ್ಲಿನ ಡಾಕ್ಟರು. ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರ್, ಸ್ಕೂಲಿನಲ್ಲಿ ಸಂಗೀತ ಹೇಳಿಕೊಡೋ ಮೇಡಂ ಒಬ್ಬರು, ಕಾಲೇಜು ಬಿಟ್ಟ ಹುಡುಗ ಒಬ್ಬ. ಯಾರೂ ನನ್ನನ್ನು ಏನು ಕೆಲಸ, ಎಷ್ಟು ಸಂಬಳ ಅಂತ ಕೇಳಲಿಲ್ಲ. ಒಂದು ಕಣ್ಣಿನ ಕನ್ನಡಕ ಕೈಗಿಟ್ಟು, "ಇದನ್ನ ಹಾಕದೆ ಒಳಗೆ ಬರಬೇಡ" ಅಂದರು. ಹತ್ತು ನಿಮಿಷಕ್ಕೆ ನನ್ನ ಕೈಯಲ್ಲಿ ಸುತ್ತಿಗೆ ಇತ್ತು.

ಇಂಥ ಗುಂಪುಗಳು ಅಲ್ಲಿ ರಾಜ್ಯ ರಾಜ್ಯಕ್ಕೂ ಇವೆ. ಟ್ರ್ಯಾಕ್ಟರು, ಕಾರು, ಕಾರ್ಖಾನೆಗಳು ಬಂದು ಹಳ್ಳಿಯ ಕಮ್ಮಾರ ಅನ್ನೋ ಪ್ರಾಣಿಯೇ ಅಮೆರಿಕದಲ್ಲಿ ಹೆಚ್ಚುಕಮ್ಮಿ ಇಲ್ಲವಾಗಿದ್ದ ಕಾಲದಲ್ಲಿ, 1969ರಲ್ಲಿ, ಅಲೆಕ್ಸ್ ಬೀಲರ್ ಅನ್ನೋರು "ದಿ ಆರ್ಟ್ ಆಫ್ ಬ್ಲ್ಯಾಕ್‌ಸ್ಮಿತಿಂಗ್" ಅಂತ ಪುಸ್ತಕ ಬರೆದರು. 1973ರಲ್ಲಿ ಕೆಲವೇ ಮಂದಿ ಜಾರ್ಜಿಯಾದಲ್ಲಿ ಸೇರಿ ಅಬಾನಾ ಅನ್ನೋ ಸಂಘ ಕಟ್ಟಿದರು. ಈಗ ಅದಕ್ಕೆ ದೇಶದ ತುಂಬಾ ಸ್ಥಳೀಯ ಶಾಖೆಗಳಿವೆ, "ಆನ್ವಿಲ್ಸ್ ರಿಂಗ್" ಅನ್ನೋ ತ್ರೈಮಾಸಿಕ ಪತ್ರಿಕೆ ಇದೆ. ಅಂದರೆ ಸತ್ತೇ ಹೋಯಿತು ಅಂದುಕೊಂಡ ಕಸುಬನ್ನು ಹವ್ಯಾಸಿಗಳು ಮತ್ತೆ ಉಸಿರಾಡಿಸಿದರು. ಇದು ನಿಜ.

ಅವರ ಮಾತು ಹೇಗಿರುತ್ತೆ ಅಂತ ಹೇಳಬೇಕು, ಇಲ್ಲದಿದ್ದರೆ ನಿಮಗೆ ಇದರ ರುಚಿ ಗೊತ್ತಾಗಲ್ಲ.

ಮೊದಲ ಪಾಠ: ಬಿಸಿ ಕಬ್ಬಿಣವೂ ತಣ್ಣನೆ ಕಬ್ಬಿಣದ ಥರಾನೇ ಕಾಣುತ್ತೆ. ಕೆಂಪು ಆರಿದ ಮೇಲೂ ಕಬ್ಬಿಣ ಮುನ್ನೂರು ನಾನ್ನೂರು ಡಿಗ್ರಿ ಇರಬಹುದು, ಹಗಲು ಬೆಳಕಿನಲ್ಲಿ ಕಪ್ಪಗೇ ಕಾಣುತ್ತೆ. ಅದಕ್ಕೇ ಎತ್ತೋ ಮೊದಲು ಅಂಗೈ ಹಿಂಭಾಗವನ್ನ ಹತ್ತಿರ ಹಿಡಿದು ನೋಡಬೇಕು. ಇದಕ್ಕೊಂದು ಹಳೇ ಜೋಕಿದೆ, ಹೊಸಬರಿಗೆಲ್ಲ ಹೇಳುತ್ತಾರೆ. ಒಬ್ಬ ಹುಡುಗ ಆಗತಾನೇ ಬಡಿದಿಟ್ಟ ಕುದುರೆ ಲಾಳ ಎತ್ತಿ ಪಟ್ಟನೆ ಕೆಳಗೆ ಹಾಕಿದನಂತೆ. ಕಮ್ಮಾರ "ಸುಟ್ಟಿತಾ?" ಅಂದರೆ, ಹುಡುಗ "ಇಲ್ಲ, ಲಾಳ ನೋಡೋಕೆ ನನಗೆ ಜಾಸ್ತಿ ಹೊತ್ತು ಬೇಡ" ಅಂದನಂತೆ :-) ನಾನು ಆ ಜೋಕು ಕೇಳಿ ನಕ್ಕ ಅರ್ಧ ಗಂಟೆಗೆ ನನ್ನ ಬೆರಳೂ ಸುಟ್ಟಿತು. ಆಗ ಅವರು ನಕ್ಕರು. ಆಮೇಲೆ ಹನ್ನೆರಡೂ ಜನ ತಮ್ಮ ತಮ್ಮ ಸುಟ್ಟ ಕಲೆ ತೋರಿಸಿ ಅದರ ಕತೆ ಹೇಳಿದರು. ಅಲ್ಲಿಗೆ ನಾನು ಗುಂಪಿಗೆ ಸೇರಿದ ಹಾಗಾಯಿತು.

ಆಮೇಲೆ ಅಡಿಗಲ್ಲಿನ ಮಾತು. ಅಯ್ಯೋ ಅದನ್ನ ಕೇಳಬೇಡಿ. ನಮ್ಮಲ್ಲಿ ಬೈಕಿನ ಬಗ್ಗೆ ಮಾತಾಡೋ ಹಾಗೆ ಅವರು ಅಡಿಗಲ್ಲಿನ ಬಗ್ಗೆ ಮಾತಾಡುತ್ತಾರೆ. ಹೇ-ಬಡೆನ್ ಒಳ್ಳೆಯದಾ, ಪೀಟರ್ ರೈಟ್ ಒಳ್ಳೆಯದಾ, ಫಿಶರ್ ಯಾಕೆ ಗಂಟೆಯ ಥರ ಸದ್ದು ಮಾಡಲ್ಲ ಅಂತ ಗಂಟೆಗಟ್ಟಲೆ ಚರ್ಚೆ. ಅಗ್ಗದ ಎರಕದ ಕಬ್ಬಿಣದಲ್ಲಿ ಮಾಡಿದ್ದಕ್ಕೆ ಅವರು ಇಟ್ಟಿರೋ ಹೆಸರು "ಅಡಿಗಲ್ಲಿನ ಆಕಾರದ ವಸ್ತು"! ಒಂದು ಬೇರಿಂಗ್ ಗುಂಡನ್ನ ಹತ್ತು ಇಂಚು ಮೇಲಿಂದ ಅಡಿಗಲ್ಲಿನ ಮೇಲೆ ಬೀಳಿಸಿದರೆ ಎಷ್ಟು ಇಂಚು ವಾಪಸ್ ಪುಟಿಯುತ್ತೆ ಅನ್ನೋದರ ಮೇಲೆ ಅದರ ಯೋಗ್ಯತೆ. ಎಂಟು ಇಂಚು ಬಂದರೆ ಮಾಲೀಕನ ಮುಖ ಅರಳುತ್ತೆ, ಮೂರಕ್ಕೆ ನಿಂತರೆ ಎಲ್ಲರೂ ಹೆಗಲು ತಟ್ಟಿ ಸಮಾಧಾನ ಮಾಡುತ್ತಾರೆ.

ಇನ್ನು ಉಕ್ಕು ಯಾವುದು ಅನ್ನೋ ಜಗಳ. ಗುಜರಿಯಿಂದ ತಂದ ತುಂಡು ಗಟ್ಟಿ ಆಗುತ್ತಾ ಇಲ್ಲವಾ? ಗ್ರೈಂಡರಿಗೆ ಹಿಡಿ, ಕಿಡಿ ನೋಡು. ಕಾರ್ಬನ್ ಜಾಸ್ತಿ ಇದ್ದರೆ ಕಿಡಿಯ ತುದಿ ಸುರುಸುರುಬತ್ತಿಯ ಹಾಗೆ ಒಡೆಯುತ್ತೆ, ಮೆದು ಕಬ್ಬಿಣವಾದರೆ ಉದ್ದಕ್ಕೆ ಗೆರೆ ಎಳೆದ ಹಾಗೆ ಹೋಗುತ್ತೆ. ಕಾಯಿಸಿದಾಗ ಅಯಸ್ಕಾಂತ ಹಿಡಿಯೋದು ಬಿಟ್ಟಿತಾ? ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಗೆ ಅದ್ದು. ರೈಲು ಹಳಿಯ ಮೊಳೆಯಲ್ಲಿ ಚಾಕು ಮಾಡೋದು ಹೊಸಬರಿಗೆಲ್ಲ ಹುಚ್ಚು. ಅದರ ತಲೆಯ ಮೇಲೆ ಹೈ ಕಾರ್ಬನ್ ಅನ್ನೋ ಗುರುತು ಇದ್ದರೂ ಒಳಗಿರೋ ಕಾರ್ಬನ್ ಶೇಕಡಾ 0.3ರ ಆಸುಪಾಸು. ಬಟ್ಟೆ ನೇತು ಹಾಕೋ ಗೂಟಕ್ಕೆ ಸರಿ, ಚಾಕುವಿಗೆ ಸಾಲದು. ಇದನ್ನ ಹೊಸಬನ ಮನಸ್ಸು ನೋಯದ ಹಾಗೆ ಹೇಳೋದೇ ಒಂದು ಕಲೆ. ಲಾರಿಯ ಕಮಾನ್ ಪಟ್ಟಿಯಾದರೆ ಶೇಕಡಾ 0.6ರಷ್ಟು ಕಾರ್ಬನ್ ಇರುತ್ತೆ, ಜೊತೆಗೆ ಚೂರು ಕ್ರೋಮಿಯಂ. ಅದು ಎಲ್ಲರ ಪ್ರೀತಿಯ ಮಾಲು.

ಮಧ್ಯಾಹ್ನ "ಟೋಪಿಯಲ್ಲಿ ಕಬ್ಬಿಣ" ಅನ್ನೋ ಆಟ. ಮನೆಯಿಂದ ಪ್ರತಿಯೊಬ್ಬರೂ ಏನಾದರೂ ತರುತ್ತಾರೆ. ತಾವೇ ಮಾಡಿದ ಇಕ್ಕಳ, ಒಂದು ಮೂಟೆ ಕಲ್ಲಿದ್ದಲು, ಹಳೇ ಅರ. ಒಂದೊಂದು ಡಾಲರಿನ ಚೀಟಿ, ಗೆದ್ದವರಿಗೆ ಮಾಲು, ದುಡ್ಡು ಸಂಘಕ್ಕೆ. ನನ್ನ ಮೊದಲ ಇಕ್ಕಳ ಬಂದದ್ದು ಹಾಗೆ, ಲಾರಿ ಡ್ರೈವರ್ ಮಾಡಿದ್ದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಅವರು ಗೆದ್ದಿದ್ದಕ್ಕಿಂತ ಸೋತಿದ್ದನ್ನೇ ಜಾಸ್ತಿ ತರುತ್ತಾರೆ. ಎಣ್ಣೆಗೆ ಅದ್ದಿದ ಕೂಡಲೇ ಟಣ್ ಅಂತ ಸೀಳಿದ ಚಾಕು, ಬೆಸುಗೆ ಹಿಡಿಯದೆ ಬಿಚ್ಚಿಕೊಂಡ ಕೊಡಲಿ, ಎಲ್ಲ ಮೇಜಿನ ಮೇಲೆ. "ಯಾಕೆ ಹೀಗಾಯ್ತು ಹೇಳಿ ನೋಡೋಣ?" ಅಂತ ಕೇಳುತ್ತಾರೆ. ನಮ್ಮ ಆಫೀಸಿನಲ್ಲಿ ಪ್ರೊಡಕ್ಷನ್ ಬಿದ್ದಾಗ ನಡೆಯೋ ಮೀಟಿಂಗ್ ನೆನಪಾಗಿ ನಾಚಿಕೆ ಆಯಿತು. ಅಲ್ಲಿ ಎಲ್ಲರೂ ತಮ್ಮದಲ್ಲ ಅಂತ ಸಾಬೀತು ಮಾಡೋಕೆ ಕೂತಿರುತ್ತಾರೆ.

ಹಾಗಂತ ಅವರೇನು ಋಷಿಮುನಿಗಳಲ್ಲ. ಸುಳ್ಳುಗಳೂ ಅದೇ ಮೇಜಿನ ಮೇಲೆ ಓಡಾಡುತ್ತವೆ. ಬ್ಲೇಡನ್ನ ಉತ್ತರ ದಿಕ್ಕಿಗೆ ಹಿಡಿದು ಎಣ್ಣೆಗೆ ಅದ್ದಿದರೆ ಸೊಟ್ಟ ಆಗಲ್ಲ ಅನ್ನೋರು ಇದ್ದಾರೆ (ಅಲ್ಲೂ ವಾಸ್ತು!). ಅಂಚನ್ನ ಸಣ್ಣಗೆ ಬಡಿದರೆ ಅಣುಗಳು ಒತ್ತಾಗಿ ಕೂರುತ್ತವೆ ಅನ್ನೋರಿದ್ದಾರೆ. ಸತು ಲೇಪಿಸಿದ ಪೈಪ್ ಕಾಯಿಸಿ ಹೊಗೆ ಕುಡಿದು ಜ್ವರ ಬಂದರೆ ಹಾಲು ಕುಡಿ ಸಾಕು ಅನ್ನೋ ಅಪಾಯದ ಮಾತೂ ಇದೆ. ಹಾಲಿನಿಂದ ಏನೂ ಆಗಲ್ಲ. ಅದನ್ನ ಕಾಯಿಸಲೇಬಾರದು. ಮತ್ತೆ ಗುಂಪಿನಲ್ಲಿ ಬಹುತೇಕ ಎಲ್ಲರೂ ಬಿಳಿಯರು, ವಯಸ್ಸಾದ ಗಂಡಸರೇ ಜಾಸ್ತಿ. ನನ್ನ ಬಣ್ಣದವನು ನಾನೊಬ್ಬನೇ. ಆದರೂ ಒಂದು ಮಾತು ಒಪ್ಪಬೇಕು. ಸುಳ್ಳು ಹೇಳಿದವನನ್ನ "ಸರಿ, ಮುಂದಿನ ಶನಿವಾರ ಎರಡು ತುಂಡು ಮಾಡಿ ಮುರಿದು ನೋಡೋಣ" ಅನ್ನುತ್ತಾರೆ. ಮುರಿದೂ ನೋಡುತ್ತಾರೆ.

ಇಷ್ಟು ಸಾಕ್ಷಿ ನಾನು ಗೆಳೆಯನ ಪರವಾಗಿಯೇ ಹೇಳಿದೆ. ಈಗ ಪಾಟೀಸವಾಲು.

ಅವರು ಯಾಕೆ ಹಂಚುತ್ತಾರೆ? ಕಲ್ಚರ್ ಅಂತೆ! ಸ್ವಾಮಿ, ಆ ಡಾಕ್ಟರಿಗೆ ಪೆನ್ಷನ್ ಇದೆ. ಲಾರಿ ಡ್ರೈವರಿಗೆ ಲಾರಿ ಇದೆ. ನನಗೆ ತಿಂಗಳ ಕೊನೆಗೆ ಸಂಬಳ ಬರುತ್ತೆ. ನಾನು ಮಾಡಿದ ಕೊಕ್ಕೆ ನೋಡಿ ಪಕ್ಕದವನು ಅದಕ್ಕಿಂತ ಚೆನ್ನಾಗಿ ಮಾಡಿದರೆ ನನ್ನ ಮನೆಯ ಒಲೆ ಆರಲ್ಲ. ಹೊಟ್ಟೆಪಾಡು ಇಲ್ಲದ ಕಡೆ ಧಾರಾಳತನ ಸುಲಭ. ನಾವು ಸಾಫ್ಟ್‌ವೇರಿನವರು ರಾತ್ರಿ ಕೂತು ಓಪನ್ ಸೋರ್ಸ್ ಕೋಡ್ ಹಂಚುತ್ತೇವಲ್ಲ, ಹಗಲು ಆಫೀಸಿನ ಕೋಡನ್ನ ಹಾಗೆ ಹಂಚುತ್ತೇವಾ?

ಅದೇ ಕಸುಬು ಹೊಟ್ಟೆಪಾಡಾಗಿದ್ದಾಗ ಬಿಳಿಯರು ಏನು ಮಾಡಿದರು ನೋಡಿ. 1740ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಬಳಿ ಬೆಂಜಮಿನ್ ಹಂಟ್ಸ್‌ಮನ್ ಅನ್ನೋ ಗಡಿಯಾರದವನು ಮೂಸೆಯಲ್ಲಿ ಉಕ್ಕು ಕರಗಿಸೋದನ್ನ ಕಂಡುಹಿಡಿದ. ಪೇಟೆಂಟ್ ಕೂಡ ಮಾಡಿಸದೆ ಗುಟ್ಟಾಗಿ ಇಟ್ಟುಕೊಂಡ. ಪ್ರತಿಸ್ಪರ್ಧಿಯೊಬ್ಬ ಚಳಿಯ ರಾತ್ರಿ ಭಿಕ್ಷುಕನ ವೇಷದಲ್ಲಿ ಬಂದು, ಬೆಂಕಿ ಕಾಯಿಸಿಕೊಳ್ಳೋ ನೆಪದಲ್ಲಿ ಅದನ್ನ ಕದ್ದ ಅನ್ನೋ ದಂತಕಥೆಯೇ ಇದೆ. ಕತೆ ಸುಳ್ಳಿರಬಹುದು, ಗುಟ್ಟು ಸುಳ್ಳಲ್ಲ. ಹಾಗಾದರೆ ಶೆಫೀಲ್ಡಿನವನು ಮುಚ್ಚಿಟ್ಟರೆ ವ್ಯಾಪಾರ, ನಮ್ಮ ಕಮ್ಮಾರ ಮುಚ್ಚಿಟ್ಟರೆ ಮೂಢತನವಾ?

ವೃತ್ತಿಯವರೂ ಹಂಚಿದ್ದಾರೆ, ಇಲ್ಲವೆನ್ನಲ್ಲ. ಫ್ರಾನ್ಸಿಸ್ ವಿಟೇಕರ್ ಅನ್ನೋ ಅಮೆರಿಕದ ಕಮ್ಮಾರ ಜೀವನವಿಡೀ ಕಬ್ಬಿಣವನ್ನೇ ನಂಬಿದ್ದವರು, ಕೊನೆಗಾಲದವರೆಗೂ ಕಲಿಸುತ್ತಲೇ ಇದ್ದವರು. ನಮ್ಮ ಕೊಟ್ಟಿಗೆಯಲ್ಲಿ ಇವತ್ತಿಗೂ ಅವರ ಹೆಸರು ಗುರುಗಳ ಹೆಸರಿನ ಹಾಗೆ ಬರುತ್ತೆ. 1997ರಲ್ಲಿ ಅಲ್ಲಿನ ಸರ್ಕಾರ ಅವರಿಗೆ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಕೊಟ್ಟು ಗೌರವಿಸಿತು. ಹಂಚೋರು ಇರಬೇಕು, ಸರಿ. ಹಂಚಿದ್ದನ್ನ ಬಗ್ಗಿ ತಗೊಳ್ಳೋರೂ ಇರಬೇಕಲ್ಲ?

ಈಗ ನಮ್ಮ ಉಕ್ಕಿನ ವಿಷಯಕ್ಕೆ ಬರುತ್ತೇನೆ. ಓಹಾಯೋದ ಟ್ರಾಯ್ ಅನ್ನೋ ಊರಿನಲ್ಲಿ ಪ್ರತಿ ಸೆಪ್ಟೆಂಬರ್ ಕ್ವಾಡ್-ಸ್ಟೇಟ್ ಅನ್ನೋ ಕಮ್ಮಾರರ ಜಾತ್ರೆ ನಡೆಯುತ್ತೆ. ನಮಗೆ ಒಂದೂವರೆ ಗಂಟೆ ದಾರಿ. ಮೈದಾನದ ತುಂಬಾ ಹಳೇ ಅಡಿಗಲ್ಲು, ಸುತ್ತಿಗೆ, ಇಕ್ಕಳಗಳ ಸಂತೆ, ಕತ್ತಲಾದ ಮೇಲೂ ಮುಗಿಯದ ಮಾತು. 2023ರಲ್ಲಿ ಅಲ್ಲಿ ಒಬ್ಬ ಅಜ್ಜ ನನ್ನನ್ನ "ಇಂಡಿಯಾದಲ್ಲಿ ಎಲ್ಲಿ?" ಅಂತ ಕೇಳಿದರು. ಬೆಂಗಳೂರು ಅಂದೆ. ಬಿಡಲಿಲ್ಲ. ಬೆಂಗಳೂರಿನ ಹತ್ತಿರ ಎಲ್ಲಿ? ತುಮಕೂರು ಜಿಲ್ಲೆ, ಕೊರಟಗೆರೆ ಕಡೆ ಹಳ್ಳಿ ಅಂದೆ. ಆ ಅಜ್ಜ ಕೈಯಲ್ಲಿದ್ದ ಕಾಫಿ ಕೆಳಗಿಟ್ಟು, "ಬುಕಾನನ್ ನೋಡಿದ್ದು ನಿಮ್ಮ ಕಡೆಯೇ ಅಲ್ಲವಾ?" ಅಂದರು.

ನನಗೆ ಬುಕಾನನ್ ಯಾರು ಅಂತಲೇ ಗೊತ್ತಿರಲಿಲ್ಲ.

ರೂಮಿಗೆ ಬಂದು ಹುಡುಕಿದೆ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅಪ್ಪಣೆ ಮೇರೆಗೆ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ನಮ್ಮ ಚನ್ನರಾಯನದುರ್ಗದ ಕಡೆ ಉಕ್ಕು ಮಾಡುತ್ತಿದ್ದ ಬಗೆ ಇದೆ. ಮಣ್ಣಿನ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ, ಮೇಲೆ ಮಣ್ಣಿನ ಮುಚ್ಚಳ, ಸುತ್ತಲೂ ಇದ್ದಿಲು, ತಿದಿಯ ಗಾಳಿ. ತಂಗಡಿ ಕಡ್ಡಿಯ ಕಾರ್ಬನ್ ಕಬ್ಬಿಣಕ್ಕೆ ಸೇರಿ ಉಕ್ಕು! ನಾನು ಚಿಕ್ಕವನಿದ್ದಾಗ ದನ ಹೊಡೆಯೋಕೆ ಮುರಿದುಕೊಳ್ಳುತ್ತಿದ್ದ ಅದೇ ತಂಗಡಿ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು (ಆಮೇಲೆ ಎಲ್ಲರ ಹಾಗೆ ಸಾಫ್ಟ್‌ವೇರಿಗೆ ಬಂದೆ, ಆ ಕತೆ ಬೇಡ). ಕಬ್ಬಿಣ-ಕಾರ್ಬನ್ ಚಿತ್ರವನ್ನ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. 727 ಡಿಗ್ರಿ, ಶೇಕಡಾ 0.8, ಇಪ್ಪತ್ತಕ್ಕೆ ಹದಿನೆಂಟು ಅಂಕ. ನಮ್ಮ ವಿಟಿಯು ಸಿಲಬಸ್ಸಿನಲ್ಲಿ "ಫೌಂಡ್ರಿ ಅಂಡ್ ಫೋರ್ಜಿಂಗ್" ಅಂತ ಲ್ಯಾಬೂ ಇತ್ತು. ಕುಲುಮೆಯಲ್ಲಿ ಸಲಾಕೆ ಕಾಯಿಸಿ ಬೋಲ್ಟಿನ ತಲೆ, ಕೊಕ್ಕೆ ಮಾಡಬೇಕು. ನಮ್ಮ ಕಾಲೇಜಿನಲ್ಲಿ ಏನು ನಡೆಯಿತು ಗೊತ್ತಾ? ಎಷ್ಟು ಉದ್ದದ ಸಲಾಕೆ ಬೇಕು ಅನ್ನೋ ಲೆಕ್ಕ ನಾವು ರೆಕಾರ್ಡ್ ಪುಸ್ತಕದಲ್ಲಿ ಮಾಡಿದೆವು. ಬಡಿಯೋದನ್ನ ಲ್ಯಾಬಿನ ಅಣ್ಣ ಬಡಿದ. ಒಂದೇ ಕೊಕ್ಕೆಯನ್ನ ನಾಲ್ಕು ಬ್ಯಾಚಿನವರು ತೋರಿಸಿ ಸಹಿ ಹಾಕಿಸಿಕೊಂಡೆವು. ಆ ಅಣ್ಣನಿಗೆ ಗೊತ್ತಿದ್ದದ್ದು ನಮ್ಮ ಪ್ರೊಫೆಸರಿಗೂ ಗೊತ್ತಿರಲಿಲ್ಲ ಅಂತ ನನಗೆ ಈಗ ಅನ್ನಿಸುತ್ತೆ. ವೈವಾದಲ್ಲಿ ಮಾತ್ರ ಅಣ್ಣ ಬಾಗಿಲ ಹೊರಗೆ ನಿಂತಿದ್ದ.

ಇದಕ್ಕೆ ಎದುರಾಗಿ ಇನ್ನೊಂದು ಕತೆ ಕೇಳಿ. ಡಮಾಸ್ಕಸ್ ಕತ್ತಿಯ ಮೇಲಿನ ನೀರಿನ ಅಲೆಯಂಥ ಚಿತ್ತಾರ ಹೇಗೆ ಬರುತ್ತೆ ಅನ್ನೋದು ಬಹಳ ಕಾಲದ ಒಗಟು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ವೂಟ್ಜ್ ಬಗ್ಗೆ ಪ್ರಬಂಧ ಕೊಟ್ಟ. ಆಮೇಲೆ ಮೈಕೆಲ್ ಫ್ಯಾರಡೆ ಕೂಡ ಅದರ ಬೆನ್ನು ಬಿದ್ದಿದ್ದ. ಕೊನೆಗೆ 1998ರಲ್ಲಿ ಒಂದು ಮುಖ್ಯ ಪ್ರಬಂಧ ಬಂತು. ಉಕ್ಕಿನಲ್ಲಿ ಲವಲೇಶ ಇರೋ ವೆನೇಡಿಯಂನಂಥ ಕಲ್ಮಶಗಳು ಆ ಪದರಗಳಿಗೆ ಕಾರಣ ಅಂತ. ಅದನ್ನ ಬರೆದವರಲ್ಲಿ ಒಬ್ಬರು ಜಾನ್ ವೆರ್‌ಹೋವೆನ್, ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಲೋಹಶಾಸ್ತ್ರದ ಪ್ರೊಫೆಸರ್. ಇನ್ನೊಬ್ಬರು ಆಲ್ಫ್ರೆಡ್ ಪೆಂಡ್ರೇ, ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟುತ್ತಿದ್ದವರು, ಬಿಡುವಿನಲ್ಲಿ ಕತ್ತಿ ಮಾಡುತ್ತಿದ್ದವರು. ಪೆಂಡ್ರೇ ಕುಲುಮೆಯಲ್ಲಿ ಮಾಡಿ ಕೊಡೋದು, ವೆರ್‌ಹೋವೆನ್ ಸೂಕ್ಷ್ಮದರ್ಶಕದಲ್ಲಿ ನೋಡೋದು. ಪ್ರಬಂಧದ ಮೇಲೆ ಇಬ್ಬರ ಹೆಸರೂ ಇದೆ. ಸಾಲದು ಅಂತ ವೆರ್‌ಹೋವೆನ್ ಇಂಥ ಕಮ್ಮಾರರಿಗೆ ಅರ್ಥವಾಗೋ ಹಾಗೆ ಲೋಹಶಾಸ್ತ್ರದ ಪುಸ್ತಕವನ್ನೇ ಬರೆದರು. ನಮ್ಮ ಕೊಟ್ಟಿಗೆಯಲ್ಲಿ ಅದರ ಮಸಿ ಮೆತ್ತಿದ ಪ್ರತಿಯೊಂದಿದೆ.

ಲಾಳ ಕಟ್ಟುವವನ ಹೆಸರು ಪ್ರೊಫೆಸರನ ಹೆಸರಿನ ಪಕ್ಕದಲ್ಲಿ. ನಮ್ಮ ಲ್ಯಾಬಿನ ಅಣ್ಣನ ಹೆಸರು ಏನಿತ್ತು? ನನಗೆ ಗೊತ್ತಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ, ಹೆಬ್ಬೆಟ್ಟು ಒತ್ತಿದ ಹದಿನೇಳು ಜನಕ್ಕೂ ಗೊತ್ತಿಲ್ಲ.

ನಮ್ಮ ಊರಿನ ಕಮ್ಮಾರರ ಹೆಸರೂ ನನಗೆ ಇಪ್ಪತ್ತಾರು ವರ್ಷದವರೆಗೆ ಗೊತ್ತಿರಲಿಲ್ಲ. "ಕುಲುಮೆ ಆಚಾರಿ" ಅಷ್ಟೇ. ನಮ್ಮ ತಾತ ಜಗುಲಿ ಮೇಲಿಂದ "ಏ ಆಚಾರಿ, ಬಾರೋ ಇಲ್ಲಿ" ಅಂತ ಕೂಗೋರು. ತಾತನಿಗಿಂತ ಹತ್ತು ವರ್ಷ ಚಿಕ್ಕವರಾದ ಅವರು "ಬಂದೆ ಗೌಡ್ರೆ" ಅಂತ ಬರೋರು. ಸುಗ್ಗಿಯಲ್ಲಿ ಕಣದಲ್ಲಿ ಇಷ್ಟು ಮೊರ ರಾಗಿ ಅಂತ ಆಯ ಅಳೆದು ಕೊಟ್ಟರೆ ವರ್ಷದ ಲೆಕ್ಕ ಚುಕ್ತಾ. ಕುಡುಗೋಲಿಗೆ ಹಲ್ಲು ಹಾಕಿಸೋದು, ಗುದ್ದಲಿ ತಟ್ಟಿಸೋದು, ನೇಗಿಲ ಗುಳ ಚೂಪು ಮಾಡಿಸೋದು ನನ್ನ ರಜೆಯ ಕೆಲಸ. ಅಲ್ಲಿ ಗಂಟೆಗಟ್ಟಲೆ ಕೂತಿದ್ದೇನೆ. ಕಿಡಿ ನೋಡಿದ್ದೇನೆ. ಅವರ ಮಗ ತಿದಿ ಒತ್ತುತ್ತಿದ್ದ, ನನ್ನದೇ ವಯಸ್ಸು. ನಾನೊಮ್ಮೆ ಒತ್ತುತ್ತೇನೆ ಅಂದಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ. "ಓದಿ ಇಂಜಿನಿಯರ್ ಆಗೋ ಹುಡುಗ, ಮಸಿ ಕೈ ಮಾಡ್ಕೊಂಡು ಬರ್ತಾನೆ" ಅಂತ.

2024ರ ಜನವರಿಯಲ್ಲಿ ರಜೆಗೆ ಹೋದಾಗ ಅವರನ್ನ ನೋಡೋಕೆ ಹೋದೆ. ಕುಲುಮೆ ದಿನಾ ಉರಿಯೋದು ನಿಂತು ಎಷ್ಟೋ ಕಾಲವಾಗಿದೆ, ವಾರಕ್ಕೊಂದು ದಿನ ಯಾರಾದರೂ ಬಂದರೆ ಹಚ್ಚುತ್ತಾರೆ. ಮಗ ಪೀಣ್ಯದಲ್ಲಿ ಗೇಟು ಗ್ರಿಲ್ ವೆಲ್ಡಿಂಗ್ ಮಾಡುತ್ತಾನೆ. ನಾನು ಓಹಾಯೋದಲ್ಲಿ ಮಾಡಿದ ಒಂದು ಕೊಕ್ಕೆಯನ್ನ ದೊಡ್ಡ ಸಾಧನೆಯ ಹಾಗೆ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ.

"ಆಚಾರ್ರೇ, ನಾನೂ ಅಲ್ಲಿ ಕುಲುಮೆ ಕೆಲಸ ಕಲೀತಿದೀನಿ" ಅಂದೆ.

"ಯಾಕ್ ಗೌಡ್ರೆ, ಕಂಪ್ಯೂಟರ್ ಕೆಲ್ಸ ಹೋಯ್ತಾ?" ಅಂತ ನಿಜವಾಗಲೂ ಗಾಬರಿಯಾದರು.

ಕೊಕ್ಕೆ ಕೊಟ್ಟೆ. ತಿರುಗಿಸಿ ನೋಡಿ, ಬಾಗಿದ ಜಾಗದಲ್ಲಿ ಹೆಬ್ಬೆರಳ ಉಗುರು ಎಳೆದರು. "ಇಲ್ಲಿ ಮಡಿಕೆ ಬಿದ್ದೈತೆ ನೋಡಿ. ಕಬ್ಣ ಮಡಚ್ಕಂಡೈತೆ, ನೀವು ಅದರ ಮ್ಯಾಲೇ ಬಡ್ದಿದೀರ. ಭಾರ ಹಾಕುದ್ರೆ ಇಲ್ಲೇ ಸೀಳ್ತೈತೆ." ಓಹಾಯೋದ ಮೇಜಿನ ಮೇಲೆ ಹನ್ನೆರಡು ಜನ ನೋಡಿಯೂ ಬಿಟ್ಟಿದ್ದನ್ನ ಇವರು ಕನ್ನಡಕವಿಲ್ಲದೆ ಹಿಡಿದರು.

"ಅಲ್ಲಿ ಯಾರು ಹೇಳ್ಕೊಡ್ತಾರೆ?"

"ಒಬ್ರು ಹಲ್ಲಿನ ಡಾಕ್ಟ್ರು, ಒಬ್ರು ಲಾರಿ ಡ್ರೈವರ್ರು."

"ದುಡ್ಡು ತಗತಾರಾ?"

"ಇಲ್ಲ."

"ಹೊಟ್ಟೆ ತುಂಬಿದೋರು, ಹೇಳ್ಕೊಡ್ತಾರೆ ಬಿಡಿ" ಅಂದರು. ಅದರಲ್ಲಿ ಹೊಟ್ಟೆಕಿಚ್ಚೇನೂ ಇರಲಿಲ್ಲ, ಮಳೆ ಬಂತು ಅನ್ನೋ ಹಾಗೆ ಅಂದರು.

ನಾನು ಧೈರ್ಯ ಮಾಡಿ ಕೇಳಿದೆ. ಆಚಾರ್ರೇ, ನೀವೆಲ್ಲ ಕೆಲಸ ಗುಟ್ಟಾಗಿ ಇಟ್ಕೋತಿದ್ರಂತೆ, ಹೌದಾ? ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾವ್ ಗುಟ್ಟು? ಸಂತೆ ದಿನ ಕಬ್ಣದ ಅಂಗ್ಡಿ ಮುಂದೆ ನಾಕೈದು ಊರಿನ್ ಆಚಾರಿಗ್ಳು ಸೇರ್ತಿದ್ವಿ. ಯಾವ ಲಾರಿ ಪಟ್ಟಿ ಹದ ತಗತೈತೆ, ಯಾವ್ದು ನೀರಿಗಾಕುದ್ರೆ ಒಡೀತೈತೆ, ಬರೀ ಅದೇ ಮಾತು. ಟೀ ಕುಡ್ಕಂಡ್ ಕುಂತು ಎಷ್ಟ್ ದಿನ ಬಸ್ ತಪ್ಪುಸ್ಕಂಡಿದೀವೋ."

ಅದೇ ಕಮಾನ್ ಪಟ್ಟಿ, ಅದೇ ಒಡೆದ ಬ್ಲೇಡಿನ ಪಂಚಾಯ್ತಿ. ಟ್ರಾಯ್ ಮೈದಾನದ ಮಾತು ನಮ್ಮ ಸಂತೆಯಲ್ಲೂ ನಡೆಯುತ್ತಿತ್ತು! ನಾನು ಎರಡು ಹೆಜ್ಜೆ ಆಚೆ ಬೆಂಡು ಬತ್ತಾಸು ತಿನ್ನುತ್ತಾ ನಿಂತಿದ್ದೆ.

"ಹಂಗಾದ್ರೆ ನಮಗ್ಯಾಕೆ ಯಾವತ್ತೂ ಹೇಳ್ಲಿಲ್ಲ?"

"ನೀವ್ ಕೇಳಿದ್ದು ಎಷ್ಟೊತ್ಗೆ ಆಗ್ತೈತೆ ಅಂತ ಅಲ್ವಾ?"

ಗೆಳೆಯಾ, ನಿನ್ನ ಗುಟ್ಟಿನ ಸಿದ್ಧಾಂತಕ್ಕೆ ಇದು ಉತ್ತರ. ಉಕ್ಕು ಮಾಡೋ ಕುಲುಮೆಗಳು ಆರಿದ್ದಕ್ಕೆ ಬೇರೆ ಬೇರೆ ಕಾರಣಗಳಿವೆ. ಕಾರ್ಖಾನೆಯ ಅಗ್ಗದ ಕಬ್ಬಿಣ ಬಂತು, ಇದ್ದಿಲಿಗೆ ಕಾಡು ಸಿಗದಾಯಿತು, ಕತ್ತಿ ಕೇಳುವ ರಾಜರು ಹೋದರು. ಆದರೆ ನನ್ನ ಕಣ್ಣೆದುರು, ನನ್ನ ಕಾಲದಲ್ಲಿ ಆರಿದ ಕುಲುಮೆಗೆ "ಅವರು ಹೇಳಲಿಲ್ಲ" ಅನ್ನೋ ನೆಪ ನಡೆಯಲ್ಲ. ಸುತ್ತಿಗೆ ಯಾರು ಹಿಡಿಯಬೇಕು ಅನ್ನೋದು ನಮ್ಮಲ್ಲಿ ಹುಟ್ಟಿನಿಂದ ತೀರ್ಮಾನವಾಗಿತ್ತು. ಓಹಾಯೋದ ಡಾಕ್ಟರ್ ಸುತ್ತಿಗೆ ಹಿಡಿದರೆ ಅದು ಹವ್ಯಾಸ, ನಾನು ತಿದಿ ಒತ್ತಿದರೆ ಮನೆಯಲ್ಲಿ ಮರ್ಯಾದೆ ಪ್ರಶ್ನೆ. ಪಕ್ಕದಲ್ಲಿ ಕೂತು ಸಮವಾಗಿ ಮಾತಾಡೋಕೆ ಆಗದ ಕಡೆ ಕಸುಬಿನ ಮಾತು ಹುಟ್ಟಲ್ಲ. ಹುಟ್ಟಿದರೂ ಅವರವರಲ್ಲೇ ಉಳಿಯುತ್ತೆ. ಅಲ್ಲೇ ಉಳಿಯೋ ಹಾಗೆ ಮಾಡಿ, ಆಮೇಲೆ ಗುಟ್ಟು ಮಾಡಿದರು ಅಂತ ಅವರ ಮೇಲೇ ಹೊರಿಸೋದು ಯಾವ ನ್ಯಾಯ?

"ಉಕ್ಕು ನಮ್ಮದು" ಅಂತ ಮುಷ್ಟಿ ಎತ್ತೋ ನನ್ನಂಥವರೇ, ನಮ್ಮದು ಹೇಗಾಯಿತು ಹೇಳಿ? ಪದ ನಮ್ಮ ಭಾಷೆಯದು, ಸರಿ. (ತೆಲುಗಿನಲ್ಲೂ ಉಕ್ಕು ಉಕ್ಕೇ, ಜಗಳ ಬೇಡ.) ಆ ಉಕ್ಕು ಮಾಡಿದವರಿಗೆ ನಾವು ಕೊಟ್ಟಿದ್ದು ಕಣದ ಮೂಲೆಯ ರಾಗಿ. ಬೆಂಗಳೂರಿನಲ್ಲೇ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಮೇಲೆ 2004ರಲ್ಲಿ ಪುಸ್ತಕ ಬರೆದರು. ಹೆಮ್ಮೆಯವರಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದೇವೆ? ನಾನಂತೂ ಓಹಾಯೋಗೆ ಬಂದ ಮೇಲೆ ಕೇಳಿದೆ.

ಬರೀ ಬೈದರೆ ಆಗಲ್ಲ, ಏನು ಮಾಡಬೇಕು ಅಂತಲೂ ಹೇಳುತ್ತೇನೆ.

ಒಂದು, ಫೋರ್ಜಿಂಗ್ ಲ್ಯಾಬ್ ಇರೋ ಪ್ರತಿ ಇಂಜಿನಿಯರಿಂಗ್ ಕಾಲೇಜಿಗೂ ಹತ್ತಾರು ಕಿಲೋಮೀಟರಿನಲ್ಲಿ ಒಬ್ಬ ಕಮ್ಮಾರ ಸಿಗುತ್ತಾರೆ. ಸೆಮಿಸ್ಟರಿಗೆ ನಾಲ್ಕು ದಿನ ಕರೆಸಿ. ಅತಿಥಿ ಉಪನ್ಯಾಸಕರಿಗೆ ಕೊಡೋ ಸಂಭಾವನೆಯನ್ನೇ ಕೊಡಿ, ಕುರ್ಚಿ ಕೊಡಿ, ವೈವಾದಲ್ಲಿ ಪ್ರಶ್ನೆ ಕೇಳೋ ಹಕ್ಕನ್ನೂ ಕೊಡಿ.

ಎರಡು, 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರರೂ ಇದ್ದಾರೆ. ತರಬೇತಿ ಪಡೆದರೆ ದಿನಕ್ಕೆ ₹500, ಉಪಕರಣಕ್ಕೆ ₹15,000. ಒಳ್ಳೆಯದೇ. ಆದರೆ ಅಲ್ಲೂ ಅವರು ಕಲಿಯೋ ಬೆಂಚಿನಲ್ಲಿ ಕೂತಿದ್ದಾರೆ. ನಮ್ಮ ಆಚಾರರಿಗೆ ಕಲಿಸೋಕೆ ದಿನಕ್ಕೆ ಐನೂರು, ಸರಿ. ಅವರಿಂದ ನಾವು ಕಲಿಯೋಕೆ ದಿನಕ್ಕೆಷ್ಟು?

ಮೂರು, ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ. ವೀಕೆಂಡ್ ಮಡಕೆ ಮಾಡೋ ಕ್ಲಾಸಿಗೆ ಸಾವಿರಾರು ರೂಪಾಯಿ ಕೊಡುತ್ತೇವೆ. ನಾನೂ ಅಷ್ಟೇ, ಇಲ್ಲಿ ಒಂದು ದಿನದ ಚಾಕು ಕ್ಲಾಸಿಗೆ 120 ಡಾಲರ್ ಕೊಟ್ಟವನು. ಊರಲ್ಲಿ ಮಚ್ಚು ತಟ್ಟಿಸುವಾಗ ಮಾತ್ರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಅದನ್ನ ಮೊದಲು ನಿಲ್ಲಿಸೋಣ. ಆಮೇಲೆ ಪಕ್ಕದಲ್ಲಿ ಕೂರೋಣ.

ನಾನು ಶುರು ಮಾಡಿದ್ದೇನೆ ಅಂತ ಜಂಭ ಕೊಚ್ಚಿಕೊಳ್ಳೋ ಹಾಗೇನೂ ಇಲ್ಲ. ಆವತ್ತು ಹೊರಡುವಾಗ, ಮುಂದಿನ ಸಲ ಬಂದರೆ ಹದ ಹಾಕೋದು ಹೇಳಿಕೊಡ್ತೀರಾ, ದಿನಕ್ಕೆ ಇಷ್ಟು ಅಂತ ಕೊಡ್ತೀನಿ ಅಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಮೊದ್ಲು ತಿದಿ ಒತ್ತಿ ಗೌಡ್ರೆ, ಸುತ್ಗೆ ಆಮ್ಯಾಕೆ" ಅಂದರು. ಗೌಡ್ರೆ ಅನ್ನೋದನ್ನ ಬಿಡಿ ಅಂತ ಕೇಳಿಕೊಂಡೆ. ಬಿಡಲಿಲ್ಲ. ಅವರ ಹೆಸರನ್ನ ಇಲ್ಲಿ ಹಾಕೋ ಆಸೆ ಇತ್ತು, ಆದರೆ ಅವರನ್ನ ಕೇಳಿಲ್ಲ. ಕೇಳಿ ಆಮೇಲೆ ಹಾಕುತ್ತೇನೆ.

ಈ ಸಲದ ರಜೆಯಲ್ಲಿ ಒಂದು ವಾರ ಅಲ್ಲೇ ಇರುತ್ತೇನೆ. ಆ ಹದಿನೇಳು ಜನಕ್ಕೂ ಹೇಳಿದ್ದೇನೆ, ಇಬ್ಬರು ಬರ್ತೀವಿ ಅಂದಿದ್ದಾರೆ. ಗುಟ್ಟಿನ ಸಿದ್ಧಾಂತದ ಗೆಳೆಯ ಇನ್ನೂ ಉತ್ತರ ಕೊಟ್ಟಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬರೋ ಮನಸ್ಸಿದ್ದರೆ ತಿಳಿಸಿ. ಕಣ್ಣಿಗೆ ಕನ್ನಡಕ ನಾನು ತರುತ್ತೇನೆ. ಇದ್ದಿಲು ನಿಮ್ಮದು.